ಮೂವತ್ತೊಂದು ಜನ ಹಿರಿಯರ ಆಚೆಗೊಂದು ಅರ್ಜಿ

ತೊಂಬತ್ತರ ದಶಕದಲ್ಲಿ ಬೈಲಹೊಂಗಲದಲ್ಲಿ ಯಾರೇ ಅಂಗಡಿ ತೆರೆಯಲಿ, ಬೋರ್ಡು ಬರೆಸಲು ಬುಡನಸಾಬರ ಹತ್ತಿರವೇ ಬರಬೇಕಿತ್ತು. ಸವದತ್ತಿಯ ಬಳೆ ಅಂಗಡಿ, ರಾಮದುರ್ಗದ ಸೈಕಲ್ ಅಂಗಡಿ, ಕಿತ್ತೂರಿನ ಖಾನಾವಳಿ, ಎಲ್ಲ ಕಡೆಗೂ ಅವರದೇ ಅಕ್ಷರ. ಅದೂ ಸುಮ್ಮನೆ ಅಕ್ಷರವಲ್ಲ. ಒಂದೊಂದಕ್ಕೂ ಹಿಂದೆ ನೆರಳು, ಬದಿಗೆ ಬಿಳಿ ಗೆರೆ, ತಲೆಕಟ್ಟಿನ ಮೇಲೆ ಸಣ್ಣದೊಂದು ಮಿಂಚು. ಗಿರಾಕಿ ಅವಸರ ಮಾಡಿದರೆ, "ಬಣ್ಣ ಒಣಗಬೇಕ್ರಿ. ನಿಮ್ಮ ಅಂಗಡಿ ಏನ ಓಡಿ ಹೋಗತೈತೇನು?" ಎಂದು ಗದರುತ್ತಿದ್ದರು.

2003ರ ಹೊತ್ತಿಗೆ ಊರಿಗೆ ಫ್ಲೆಕ್ಸ್ ಬಂತು. ಎರಡು ತಾಸಿನಲ್ಲಿ ಬೋರ್ಡು ತಯಾರು. ಬುಡನಸಾಬರು ಒಂದು ತಿಂಗಳು ಆ ಫ್ಲೆಕ್ಸ್ ಅಂಗಡಿಯ ಓಣಿಯಲ್ಲಿ ಹಾಯಲಿಲ್ಲ. ಆಮೇಲೆ ಅದೇ ಸಿಟ್ಟಿನಲ್ಲಿ ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದರು. ನಲವತ್ತೈದನೇ ವಯಸ್ಸಿನಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ವೆಬ್‌ಸೈಟ್ ಮಾಡುವುದನ್ನು ಕಲಿಸುವ ಕ್ಲಾಸ್ ತೆರೆದರು. ನನ್ನನ್ನೂ ಹಿಡಿದು ಐದು ಜನ ಸೇರಿಕೊಂಡೆವು. ವೆಬ್‌ಸೈಟ್ ಎಂದರೇನೆಂದು ನಮಗೆ ಗೊತ್ತಿರಲಿಲ್ಲ. ಮಾಸ್ತರರಿಗೂ ಅರ್ಧವೇ ಗೊತ್ತಿತ್ತು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಅವರು ಮಾಡಿದ ಮೊದಲ ವೆಬ್‌ಸೈಟ್ ನಮ್ಮ ಕ್ಲಾಸಿನದೇ. ಕಂಪ್ಯೂಟರಿನಲ್ಲಿದ್ದ ಯಾವ ಅಕ್ಷರವೂ ಅವರ ಮನಸ್ಸಿಗೆ ಬರಲಿಲ್ಲ. "ಇವು ಅಕ್ಷರೇನ್ರಿ? ಬಡಕಲು ಇರಿವಿ ಸಾಲು" ಎಂದು ಬೈದು, ಪ್ರತಿಯೊಂದು ಶಬ್ದವನ್ನೂ ಚಿತ್ರವಾಗಿ ಬಿಡಿಸಿ, ನೆರಳು ಕೊಟ್ಟು, ಪುಟದ ಮೇಲೆ ಅಂಟಿಸಿದರು. ಆಗಿನ ಇಂಟರ್ನೆಟ್ಟಿನಲ್ಲಿ ಅದು ತೆರೆದುಕೊಳ್ಳುವಷ್ಟರಲ್ಲಿ ನಾವು ಚಹಾ ಕುಡಿದು ಬರುತ್ತಿದ್ದೆವು.

2007ರ ಬೇಸಿಗೆಯಲ್ಲಿ ನೇಸರಗಿ ಬಸ್ಸಿನಿಂದಿಳಿದು ಅನ್ನಪೂರ್ಣಾ ಬಂದಳು. ಇಪ್ಪತ್ತರ ಹುಡುಗಿ, ಹುಟ್ಟಿನಿಂದಲೇ ಕಣ್ಣು ಕಾಣದು. ಕೈಯಲ್ಲಿ ಕೋಲು, ಚೀಲದಲ್ಲಿ ಒಂದು ಸಿ.ಡಿ. ಆ ಸಿ.ಡಿ.ಯಲ್ಲಿ, ಪರದೆಯ ಮೇಲಿರುವುದನ್ನು ಇಂಗ್ಲಿಷಿನಲ್ಲಿ ಓದಿ ಹೇಳುವ ಪ್ರೋಗ್ರಾಂ ಇತ್ತು. ಬೆಳಗಾವಿಯಲ್ಲಿ ಮೂರು ತಿಂಗಳು ಅದನ್ನು ಕಲಿತಿದ್ದಳು, ರೂಢಿ ತಪ್ಪದಂತೆ ಒಂದು ಕಂಪ್ಯೂಟರ್ ಬೇಕಿತ್ತು. ಬುಡನಸಾಬರು ಖುಷಿಯಿಂದ ಕೂಡಿಸಿ, ಮೊದಲು ತಮ್ಮ ವೆಬ್‌ಸೈಟನ್ನೇ ಕೇಳಿಸಿದರು.

"ಗ್ರಾಫಿಕ್. ಗ್ರಾಫಿಕ್. ಗ್ರಾಫಿಕ್" ಎಂದಿತು ಯಂತ್ರ. ಹತ್ತೊಂಬತ್ತು ಸಲ ಅಂದು ಸುಮ್ಮನಾಯಿತು.

ಅನ್ನಪೂರ್ಣಾ ಇನ್ನೊಂದು ಸಲ ಕೀಲಿ ಒತ್ತಿ ನೋಡಿದಳು. "ಮಾಸ್ತರ, ಇದರಾಗ ಬರೇ ಚಿತ್ರಾನ ಅದಾವಲ್ರಿ. ಅಕ್ಷರ ಎಲ್ಲಿ?"

ಇಪ್ಪತ್ತು ವರ್ಷ ನಾಲ್ಕು ತಾಲೂಕಿಗೆ ಅಕ್ಷರ ಬರೆದುಕೊಟ್ಟ ಮನುಷ್ಯನಿಗೆ ಯಾರೂ ಕೇಳದ ಪ್ರಶ್ನೆ ಅದು. ಫ್ಲೆಕ್ಸ್ ಬಂದಾಗಲೂ ಅವರ ಮುಖ ಅಷ್ಟು ಸಣ್ಣದಾಗಿರಲಿಲ್ಲ. ನಮಗೆ ಪಾಪ ಅನಿಸಿತು, ಜೊತೆಗೆ ನಗುವೂ ಬಂತು.

ಆ ವಾರದಿಂದಲೇ ಹೊಸ ಕಾನೂನು ಶುರುವಾಯಿತು. ಶನಿವಾರ ಪರದೆಗಳೆಲ್ಲ ಬಂದ್. ಒಬ್ಬರು ಮಾಡಿದ ಪುಟವನ್ನು ಇನ್ನೊಬ್ಬರು ಬರೀ ಕಿವಿಯಿಂದ ಕೇಳಿ, ಕೀಲಿ ಒತ್ತಿ ಬಳಸಬೇಕು, ಅನ್ನಪೂರ್ಣಾ ಪರೀಕ್ಷಕಿ. ನಾನು ಹನ್ನೊಂದು ಕಡೆ ಇಂಗ್ಲಿಷಿನಲ್ಲಿ "ಇಲ್ಲಿ ಒತ್ತಿ" ಎಂದಷ್ಟೇ ಬರೆದಿದ್ದೆ. "ಇಲ್ಲಿ ಅಂದ್ರ ಎಲ್ಲಿ? ಒತ್ತಿದ್ರ ಏನ ಸಿಗತೈತಿ?" ಎಂದು ಆಕೆ ಹನ್ನೊಂದು ಸಲವೂ ಕೇಳಿದಳು. ನನ್ನ ಪುಟದಲ್ಲಿದ್ದ ಮಾದರಿ ಅರ್ಜಿಯ ಖಾನೆಗಳಿಗೆ ಯಂತ್ರಕ್ಕೆ ತಿಳಿಯುವ ಹೆಸರೇ ಇರಲಿಲ್ಲ. ಹಾಗಾಗಿ ಆಕೆಯ ಹೆಸರು ಫೋನ್ ನಂಬರಿನ ಜಾಗದಲ್ಲಿ, ಊರು ಜನ್ಮದಿನದ ಜಾಗದಲ್ಲಿ ಹೋಗಿ ಕುಳಿತವು. "ಕಾಣೂದು ಮಿಂಚಿದ್ರ ಸಾಲದೋ, ಕೇಳಿದ್ರೂ ತಿಳೀಬೇಕು" ಎಂದು ಬುಡನಸಾಬರು ನನಗೆ ಬೈದರು. ಹತ್ತೊಂಬತ್ತು ಚಿತ್ರದ ಪುಟ ಅವರಿಗೆ ಅಷ್ಟು ಬೇಗ ಮರೆತುಹೋಗಿತ್ತು!

ಅನ್ನಪೂರ್ಣಾ ಇಷ್ಟು ಹಟ ಹಿಡಿಯಲು ಕಾರಣವಿತ್ತು. ನಮ್ಮ ಕಡೆ ಕಣ್ಣು ಕಾಣದ ಮಗುವೊಂದು ಹುಟ್ಟಿದರೆ ಮನೆಯವರು ಮೊದಲು ವಿಚಾರಿಸುವುದು ಹಾರ್ಮೋನಿಯಂ ಎಲ್ಲಿ ಸಿಗುತ್ತದೆ ಎಂದು. ಆಕೆಗೂ ಮೂರು ವರ್ಷ ಸಂಗೀತ ಕಲಿಸಿದ್ದರು. ನಾನು ಆಕೆಯ ಹಾಡನ್ನು ಒಂದು ಸಲ ಕೇಳಿದ್ದೇನೆ. ಒಂದು ಸಲ ಸಾಕು. ಆಕೆಗೆ ಓದಬೇಕಿದ್ದದ್ದು ಅರ್ಥಶಾಸ್ತ್ರ. ಉಳ್ಳಾಗಡ್ಡಿಯ ದರ ಯಾಕೆ ಬಿತ್ತು, ಸಕ್ಕರೆಯದು ಯಾಕೆ ಏರಿತು ಎಂದು ಬಸ್ಸಿನಲ್ಲಿ ಪಕ್ಕದವರ ಜೊತೆ ವಾದಕ್ಕಿಳಿದರೆ ಬೈಲಹೊಂಗಲ ಬಂದರೂ ಮುಗಿಯುತ್ತಿರಲಿಲ್ಲ. ಹಿಂದಿನ ವರ್ಷ ಕಾಲೇಜಿನ ಅರ್ಜಿ ತುಂಬಿದ್ದು ಅಣ್ಣ ಸಚಿನ. ತಂಗಿ ಅರ್ಥಶಾಸ್ತ್ರ ಎಂದಳು, ಆತ ಸಂಗೀತ ಎಂದು ಬರೆದ. ಕೆಟ್ಟವನಲ್ಲ, ತಂಗಿಗೆ ಒಳ್ಳೆಯದಾಗಲಿ ಎಂದೇ ಬರೆದ. ಸೀಟು ಸಿಕ್ಕ ದಿನ ಆಕೆಗೆ ಗೊತ್ತಾಯಿತು. ಸೀಟು ಬಿಟ್ಟು ಆ ವರ್ಷ ಕಾಲೇಜಿಗೇ ಹೋಗಲಿಲ್ಲ. ಈ ಸಲ ಅರ್ಜಿಯನ್ನು ತಾನೇ ತುಂಬಬೇಕು, ಇಲ್ಲವಾದರೆ ಓದುವುದೇ ಬೇಡ ಎಂದು ಮನೆಯಲ್ಲಿ ಹೇಳಿ ಬಂದಿದ್ದಳು.

ಅಷ್ಟರಲ್ಲಿ ಆ ಕಾಲೇಜು ನಡೆಸುವ ಸಂಸ್ಥೆಯ ಅಧ್ಯಕ್ಷರಾದ ಮಲಕಾಜಪ್ಪನವರು ತಮ್ಮ ಕಾಲೇಜಿಗೂ ಒಂದು ವೆಬ್‌ಸೈಟ್ ಇರಲಿ, ಅರ್ಜಿಯೂ ಅದರಲ್ಲೇ ಬರಲಿ ಎಂದು ಬುಡನಸಾಬರಿಗೆ ಕೆಲಸ ಒಪ್ಪಿಸಿದರು. ಅವರದು ಒಂದೇ ಷರತ್ತು. ಲಗ್ನಪತ್ರಿಕೆಯಲ್ಲಿ ಹಾಕುವ ಹಾಗೆ, ಪ್ರತಿ ಪುಟದ ತಲೆಗೂ ಸಂಸ್ಥೆಯ ಮೂವತ್ತೊಂದು ಜನ ಹಿರಿಯರ ಫೋಟೋ ಇರಬೇಕು. ನಾವು ಹಾಕಿದೆವು. ಯಂತ್ರ ಮೂವತ್ತೊಂದು ಫೋಟೋಗಳಿಗೆ ಕ್ಯಾಮರಾ ಕೊಟ್ಟಿದ್ದ ನಂಬರುಗಳನ್ನು ಓದಿತು. "ಫೋಟೋಕ್ಕ ಹೆಸರ ಬರೀರಿ" ಎಂದರು ಮಾಸ್ತರರು. ಬರೆದೆವು, ಬಿರುದು ಬಾವಲಿಗಳ ಸಮೇತ. ಈಗ ಅರ್ಜಿ ಇದ್ದ ನಾಲ್ಕನೇ ಪುಟಕ್ಕೆ ಹೋಗಲು ಆಕೆ ಅಷ್ಟೂ ಜನರನ್ನು ನಾಲ್ಕು ಸಲ ಕೇಳಬೇಕಾಯಿತು.

ಬುಡನಸಾಬರು ಮೊದಲ ಪುಟದಲ್ಲಿ ಫೋಟೋಗಳಿಗಿಂತ ಮೇಲೆ, ಒತ್ತಿದರೆ ನೇರ ಅರ್ಜಿಗೆ ಒಯ್ಯುವ ಒಂದು ಕೊಂಡಿಯನ್ನು ಇಂಗ್ಲಿಷಿನಲ್ಲಿ ಹಾಕಿದರು: "ಹಿರಿಯರನ್ನು ದಾಟಿ ಅರ್ಜಿಗೆ ಹೋಗಿ." ಕೆಲಸ ನೋಡಲು ಬಂದ ಮಲಕಾಜಪ್ಪನವರು ಅದನ್ನು ಓದಿ ಕೆಂಪಾದರು.

"ಹಿರ್ಯಾರನ್ನ ದಾಟೂದ? ನಮ್ಮಾಗ ಮಲಗಿದ ಕೂಸಿನ್ನ ಸೈತ ದಾಟೂದಿಲ್ಲ, ಬುಡನಸಾಬ! ತಗೀರಿ ಅದನ್ನ."

ಬುಡನಸಾಬರು ತಮ್ಮ ಶನಿವಾರದ ಪಾಠ ಪ್ರಯೋಗಿಸಿದರು. ಪರದೆ ಆರಿಸಿ, "ನೀವ ಒಮ್ಮೆ ಕೇಳ್ರಿ ಸಾವಕಾರ್ರ" ಎಂದು ಕೂಡಿಸಿದರು. ಎರಡನೇ ಪುಟಕ್ಕೆ ಬೇಸತ್ತು ಎದ್ದೇಳುತ್ತಾರೆ ಎಂಬುದು ಅವರ ಲೆಕ್ಕ. ಆದರೆ ಪಟ್ಟಿಯ ಮೊದಲ ಹೆಸರೇ ಮಲಕಾಜಪ್ಪನವರದು. ಅವರು ಕಣ್ಣು ಮುಚ್ಚಿ, ಕೈ ಕಟ್ಟಿ, ನಾಲ್ಕೂ ಪುಟದಲ್ಲಿ ತಮ್ಮ ಹೆಸರನ್ನು ಇಂಗ್ಲಿಷ್ ಧ್ವನಿಯಲ್ಲಿ ಆನಂದದಿಂದ ಕೇಳಿದರು. "ಛಲೋ ಹೇಳತೈತಿ. ಇನ್ನೊಮ್ಮೆ ಹಚ್ರಿ" ಎಂದರು. ನಮ್ಮ ಮಾಸ್ತರರ ವಿದ್ಯೆ ಅಲ್ಲಿಗೆ ಮುಗಿಯಿತು.

ಆಗ ಮೂಲೆಯಲ್ಲಿದ್ದ ಅನ್ನಪೂರ್ಣಾ ಎದ್ದು ನಿಂತು ಶುರು ಮಾಡಿದಳು. ಯಂತ್ರದ್ದೇ ಧ್ವನಿ, ಯಂತ್ರದ್ದೇ ಉಚ್ಚಾರ, ಒಂದೊಂದೇ ಹೆಸರು, ಬಿರುದಿನ ಸಹಿತ. ಆರನೆಯದಕ್ಕೆ ಮಲಕಾಜಪ್ಪನವರು ನಕ್ಕರು. ಹನ್ನೆರಡಕ್ಕೆ ಗಡಿಯಾರ ನೋಡಿದರು. ಹದಿನಾರಕ್ಕೆ, "ಸಾಕ ಬಿಡವಾ ತಂಗಿ" ಎಂದರು.

"ಇನ್ನೂ ಹದಿನೈದ ಮಂದಿ ಅದಾರ್ರಿ. ಅವರಿಗೆ ಅಪಮಾನ ಆಗಬಾರದು" ಎಂದು ಆಕೆ ಮೂವತ್ತೊಂದನ್ನೂ ಮುಗಿಸಿದಳು. ಆಮೇಲೆ ತನ್ನ ದನಿಯಲ್ಲಿ ಹೇಳಿದಳು: "ವಾರ ಆತ್ರಿ ಸಾವಕಾರ್ರ, ಇದನ್ನ ಕೇಳಾಕ ಹತ್ತಿ. ಅರ್ಜಿ ಮುಟ್ಟೂದ್ರಾಗ ಒಂದೋ ಕರೆಂಟ್ ಹೋಗತೈತಿ, ಇಲ್ಲಾ ನಮ್ಮ ಬಸ್ ಬರತೈತಿ. ನಿಮ್ಮೆಲ್ಲಾರ ಹೆಸರ ನನಗ ಬಾಯಿಪಾಠ ಆದವು. ನನ್ನ ಹೆಸರ ಬರಿಯೂ ಜಾಗಾ ಇನ್ನೂ ಸಿಕ್ಕಿಲ್ಲ."

ಆ ಪಟ್ಟಿಗೆ ಬಿರುದು ಸೇರಿಸಿದ ಕೈ ನನ್ನದೇ, ನನಗೆ ನಾಚಿಕೆಯಾಯಿತು. ಮಲಕಾಜಪ್ಪನವರು ಚಷ್ಮಾ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ಕೊಂಡಿ ಇರಲಿ. ಆದ್ರ ದಾಟೂದು ಬ್ಯಾಡ. 'ಹಿರಿಯರ ಅಪ್ಪಣೆ ಪಡೆದು ಅರ್ಜಿಗೆ ಹೋಗಿ' ಅಂತ ಬರೀರಿ. ಅಪ್ಪಣಿ ಕೊಟ್ಟೇನಿ." ಇಷ್ಟುದ್ದ ಕೊಂಡಿಯೇ ಎಂದು ಗೊಣಗುತ್ತ ಬುಡನಸಾಬರು ಅದನ್ನೇ ಇಂಗ್ಲಿಷಿನಲ್ಲಿ ಬರೆದರು.

ಅರ್ಜಿಯ ಕೊನೆಯ ದಿನ ಸಚಿನನೂ ಜೊತೆಗೆ ಬಂದ. ತಂಗಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. "ನೀ ಹೊರಗ ಕುಂತು ಚಾ ಕುಡಿಯಪ್ಪಾ" ಎಂದು ಬುಡನಸಾಬರು ಆ ಕುರ್ಚಿಯನ್ನೇ ಕಟ್ಟೆಗೆ ಹಾಕಿಸಿದರು. ಆತ ಅಲ್ಲಿಂದಲೇ ಕತ್ತು ಚಾಚಿ ಚಾಚಿ ಚಹಾ ಚೆಲ್ಲಿಕೊಂಡ. ಒಳಗೆ ಅನ್ನಪೂರ್ಣಾ ಅಪ್ಪಣೆ ಪಡೆದು ಒಂದೇ ಸಲಕ್ಕೆ ಅರ್ಜಿಗೆ ಹೋದಳು. ಹೆಸರು, ಊರು, ಜನ್ಮದಿನ ಎಲ್ಲ ತಂತಮ್ಮ ಜಾಗದಲ್ಲಿ ಕುಳಿತವು. ವಿಷಯದ ಖಾನೆಯಲ್ಲಿ ಯಂತ್ರ ಇತಿಹಾಸ ಎಂದಿತು, ಸಮಾಜಶಾಸ್ತ್ರ ಎಂದಿತು, ಸಂಗೀತ ಎಂದಿತು. ಆಕೆಯ ಬೆರಳು ಅಲ್ಲಿ ಒಂದು ಕ್ಷಣ ನಿಂತು, ಒಂದು ಮೆಟ್ಟಿಲು ಕೆಳಗಿಳಿಯಿತು.

ಪ್ರಿಂಟಾಗಿ ಬಂದ ಪ್ರತಿಯನ್ನು ಸಚಿನ ಇಸಿದುಕೊಂಡು ನೋಡಿದ. "ಇಕನಾಮಿಕ್ಸ್ ಅಂತ ಬಿದ್ದೈತಲ್ಲ. ಯಾರ್ ತುಂಬಿದ್ರಿ ಇದನ್ನ?" ಎಂದು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ.

"ಕೆಳಗ ಓದಣ್ಣಾ" ಎಂದಳು ಅನ್ನಪೂರ್ಣಾ.

ಕೆಳಗೆ ಎರಡು ಖಾನೆಗಳಿದ್ದವು. ಅರ್ಜಿ ತುಂಬಿದವರ ಹೆಸರು: ಅನ್ನಪೂರ್ಣಾ. ಅರ್ಜಿದಾರರಿಗೂ ಅವರಿಗೂ ಇರುವ ಸಂಬಂಧ ಎಂಬಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಕನ್ನಡ ಶಬ್ದ ಬರೆದಿದ್ದಳು. ಸಚಿನ ಅದನ್ನು ಗಟ್ಟಿಯಾಗಿ ಓದಿದ: "ನಾನೇ." ಆಮೇಲೆ ತಂಗಿಯ ಕಡೆ ನೋಡಿ, ಇನ್ನೊಮ್ಮೆ, ಮೆಲ್ಲಗೆ ಓದಿದ.