ಅಪ್ಪ ಹಿಡಿಯದ ರಿವಾಲ್ವರ್

ಅಪ್ಪ ತೀರಿಕೊಂಡ ಎರಡನೆಯ ವಾರ ಪೊಲೀಸ್ ಹವಾಲ್ದಾರರೊಬ್ಬರು ಇಚಲಕರಂಜಿಯ ನಮ್ಮ ಮನೆಯ ಬಾಗಿಲಿಗೆ ಬಂದು, "ವಡೀಲ ಆಹೇತ ಕಾ ಘರಾತ?" ಎಂದು ಕೇಳಿದರು. ಅಪ್ಪ ಮನೆಯಲ್ಲಿದ್ದಾನೆಯೇ ಎಂದು ಯಾರಾದರೂ ಸಹಜವಾಗಿ ಕೇಳಿದ್ದು ಅದೇ ಕೊನೆ. ನಾನು ಗೋಡೆಯ ಮೇಲಿನ ಹೊಸ ಫೋಟೊ ತೋರಿಸಿದೆ. ಅವರು ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡರು.

ಅವರ ಕೈಯಲ್ಲಿದ್ದದ್ದು ನನ್ನ ಅರ್ಜಿ. ಐದು ತಿಂಗಳ ಹಿಂದೆ, ಅಪ್ಪನ ಒತ್ತಾಯಕ್ಕೆ, ರಿವಾಲ್ವರಿನ ಲೈಸೆನ್ಸಿಗಾಗಿ ಕೊಲ್ಹಾಪುರದ ಕಲೆಕ್ಟರ್ ಕಚೇರಿಗೆ ಕೊಟ್ಟದ್ದು. ಮನೆಯವರದು ಏನೂ ತಕರಾರಿಲ್ಲ ಎಂದು ಅಪ್ಪನಿಂದ ಬರೆಸಿಕೊಂಡು ಹೋಗಲು ಅವರು ಬಂದಿದ್ದರು. ಇನ್ನು ತಾಯಿಯೇ ಸಹಿ ಮಾಡಬೇಕಾಗುತ್ತದೆ ಎಂದರು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು.

"ನಾ ಮಾಡೂದಿಲ್ರಿ," ಎಂದಳು. "ನಮ್ಮದು ಜೈನರ ಮನಿ. ಬಸದಿಗೆ ಹೋಗಿ ಕೈ ಮುಗದ ಬಂದ ಕೈಲೆ ನಾ ಇದಕ್ಕ ಸಹಿ ಹಾಕೂದಿಲ್ಲ."

ಹವಾಲ್ದಾರರು ಒತ್ತಾಯಿಸಲಿಲ್ಲ. ನಿಧಾನಕ್ಕೆ ಯೋಚನೆ ಮಾಡಿ ಠಾಣೆಗೆ ಬನ್ನಿ ಎಂದು ಹೇಳಿ ಹೋದರು.

ನಮ್ಮ ಮೂಲ ಊರು ಗಡಿಯ ದತ್ತವಾಡ. ಅಲ್ಲಿಯ ಕಬ್ಬಿನ ಹೊಲವನ್ನು ದೊಡ್ಡಪ್ಪ ನೋಡಿಕೊಳ್ಳುತ್ತಾರೆ. ಅಪ್ಪ ಮದುವೆಗೆ ಮೊದಲೇ ಇಚಲಕರಂಜಿಗೆ ಬಂದು, ಸಂಬಂಧಿಕರೊಬ್ಬರ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಗಳ ಮೇಲ್ವಿಚಾರಣೆಗೆ ನಿಂತವನು. ಮೂವತ್ತು ವರ್ಷ ಆ ಸದ್ದಿನೊಳಗೇ ಇದ್ದು ಅವನ ಕಿವಿ ಹೋಗಿತ್ತು. ನಾವು ಮಾತಾಡುವಾಗ ಅವನು ನಮ್ಮ ತುಟಿ ನೋಡುತ್ತಿದ್ದ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ.

ನಾನು ಶಿರೋಳಿಯ ಒಂದು ಫೌಂಡ್ರಿಯಲ್ಲಿ ಎರಕದ ಭಾಗಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಜೊತೆಗೆ ಕೆಲಸ ಮಾಡುವ ಒಬ್ಬಳು ಕೊಲ್ಹಾಪುರದ ಶೂಟಿಂಗ್ ಕ್ಲಬ್ಬಿಗೆ ಹೋಗುತ್ತಿದ್ದಳು. ಒಂದು ಭಾನುವಾರ ನೋಡಲೆಂದು ಅವಳ ಹಿಂದೆ ಹೋದವಳು ಅಲ್ಲೇ ಸೇರಿಕೊಂಡೆ. ಮೊದಲು ಗಾಳಿಯ ಪಿಸ್ತೂಲು, ಎರಡು ವರ್ಷದ ಮೇಲೆ ಕ್ಲಬ್ಬಿನ ರಿವಾಲ್ವರ್. ಮಗಳು ಹೋಗುವ ಜಾಗ ಎಂಥದ್ದೆಂದು ನೋಡಲು ಅಪ್ಪ ಒಮ್ಮೆ ಬಂದ. ಆಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಿಳಿ ಬೂಟು ಒರೆಸಿಕೊಂಡು, ನನಗಿಂತ ಮೊದಲು ಬಸ್ಸಿಗೆ ಸಿದ್ಧನಾಗಿ ಕೂರುತ್ತಿದ್ದ. ಅಲ್ಲಿ ನಮ್ಮ ಹಿಂದೆ ಬೆಂಚಿನ ಮೇಲೆ ಕೂತು, ಪ್ರತಿ ಗುಂಡು ಎಲ್ಲಿ ಬಿತ್ತೆಂದು ಚಿಕ್ಕ ವಹಿಯಲ್ಲಿ ಚುಕ್ಕೆ ಇಟ್ಟು ಗುರುತು ಮಾಡುತ್ತಿದ್ದ.

"ನಿನ್ನ ಮಾತ ಅರ್ಧಾ ಕೇಳ್ಸೂದಿಲ್ಲ ನನಗ," ಎಂದಿದ್ದ ಒಮ್ಮೆ. "ಇದರ ಸದ್ದ ಮಾತ್ರ ಪೂರಾ ಕೇಳ್ತೈತಿ."

ಒಮ್ಮೆ ನೀವೂ ಹೊಡೆದು ನೋಡಿ ಎಂದು ಕೋಚ್ ಎಷ್ಟೋ ಸಲ ಕರೆದರು. "ಕಾಕಾ, ಏಕದಾ ತುಮ್ಹೀ ಪಣ ಮಾರಾ." ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನಕೋ, ನಕೋ" ಎಂದು ನಗುತ್ತಿದ್ದ. ವಯಸ್ಸಾದ ಕೈ ನಡುಗುತ್ತದೆ, ನಾಲ್ಕು ಜನರೆದುರು ನಾಚಿಕೆ ಎಂದುಕೊಂಡೆ ನಾನು. ಕೇಳಿ ನೋಡಲಿಲ್ಲ.

ಒಂದು ದಿನ ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುವಾಗ ಅವನೇ ಮಾತು ತೆಗೆದ. "ಕ್ಲಬ್ಬಿಂದು ಹತ್ತ ಮಂದಿ ಕೈಯಾಗ ಆಡೂದು. ನಿನ್ನ ಕೈ ಅದಕ್ಕ ಹೆಂಗ ರೂಢಿ ಆಗಬೇಕು? ನಿಂದ ಅಂತ ಒಂದ ತಗೊ." ಅರ್ಜಿಯನ್ನು ಮರಾಠಿಯಲ್ಲಿ ತನ್ನ ದುಂಡು ಅಕ್ಷರದಲ್ಲಿ ತಾನೇ ತುಂಬಿದ.

ಅದಾಗಿ ಎರಡು ತಿಂಗಳಿಗೆ ಅವನ ಕಣ್ಣು ಹಳದಿಯಾದವು. ಕಾಮಾಲೆ ಎಂದುಕೊಂಡು ಪಥ್ಯ ಮಾಡಿಸಿದೆವು. ಅದು ಕಾಮಾಲೆಯಷ್ಟೇ ಅಲ್ಲ, ಒಳಗೆ ಗಡ್ಡೆ ಎಂದು ಗೊತ್ತಾದ ಮೇಲೆ ಅವನು ಬದುಕಿದ್ದು ಏಳೇ ವಾರ. ಆಸ್ಪತ್ರೆಯಲ್ಲಿ ನನ್ನನ್ನು ಕಂಡಾಗಲೆಲ್ಲ ಕಿವುಡರ ದೊಡ್ಡ ದನಿಯಲ್ಲಿ, "ಪೊಲೀಸ್ರು ಬಂದಿದ್ರೇನ ಮನೀಗೆ?" ಎಂದು ಕೇಳುತ್ತಿದ್ದ. ಪಕ್ಕದ ಮಂಚದವರು ಬೆದರಿ ನಮ್ಮತ್ತ ನೋಡುತ್ತಿದ್ದರು. ಇನ್ನೂ ಇಲ್ಲ ಎಂದು ನಾನು ತುಟಿಯಲ್ಲೇ ಹೇಳುತ್ತಿದ್ದೆ. ಕೊನೆಯ ದಿನವೂ ಹಾಗೆಯೇ ಹೇಳಿದ್ದೆ.

ಅವ್ವ ಸಹಿ ಹಾಕಲಿಲ್ಲ, ನಾನೂ ಕೇಳಲಿಲ್ಲ. ಒಂದೂವರೆ ತಿಂಗಳು ಹಾಗೆಯೇ ಹೋಯಿತು. ಗಡಹಿಂಗ್ಲಜಿನಲ್ಲಿರುವ ಸೋದರತ್ತೆ, ಅಪ್ಪನ ಅಕ್ಕ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಎಂಟು ದಿನ ಬಂದು ಇದ್ದು ಹೋಗಿ ಎಂದು ಅವಳು ಕರೆದಳು. ಅತ್ತೆಯ ಬಾಯಿಂದಲೇ ನನಗೆ ಬುದ್ಧಿ ಹೇಳಿಸಬೇಕೆಂದು ಅವ್ವನ ಮನಸ್ಸಿನಲ್ಲಿತ್ತು. ನಿಪ್ಪಾಣಿ, ಸಂಕೇಶ್ವರ ದಾಟಿ ಹೋಗುವವರೆಗೂ ನಾವಿಬ್ಬರೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆವು.

ಅತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಾವೂ ಎದುರು ಕೂತು ಸುಲಿಯತೊಡಗಿದೆವು. ಅವ್ವ ಎಲ್ಲ ಹೇಳಿದಳು: ಅರ್ಜಿ, ಹವಾಲ್ದಾರ, ಸಹಿ. "ನೀವ ಹೇಳ್ರಿ ಇಕೀಗೆ," ಎಂದು ಮುಗಿಸಿದಳು.

ಅತ್ತೆಯ ಕೈ ನಿಂತಿತು.

"ಅಂವ ಸಣ್ಣಂವ ಇದ್ದಾಗ ಕವಣಿಲೆ ಒಂದ ಗಿಳಿ ಹೊಡದಿದ್ದ," ಎಂದಳು. "ನಮ್ಮವ್ವ ಎರಡ ದಿನಾ ಉಣಲಿಲ್ಲ. ಮೂರನೇ ದಿನಾ ಬಸದಿಗೆ ಕರಕೊಂಡ ಹೋಗಿ ಆಣಿ ಮಾಡಿಸಿದ್ಲು, ಜೀವದ ಮ್ಯಾಲ ಕೈ ಎತ್ತೂದಿಲ್ಲ ಅಂತ. ಅದನ್ನ ಅಂವ ಕಡೀತನಕಾ ನಡಸಿದ. ನಿನಗ ಗೊತ್ತೈತಿಲ್ಲ, ಹೊಲದಾಗ ಹಾವ ಬಂದ್ರೂ ಹೊಡ್ಯಾಕ ಬಿಡ್ತಿರಲಿಲ್ಲ."

"ಹೌದ್ರಿ," ಎಂದಳು ಅವ್ವ.

"ಹೋದ ದೀಪಾವಳಿಗೆ ಬಂದಾಗ ನನ್ನ ಕೇಳಿದಾ. ಅಕ್ಕಾ, ಕಾಗದದ ಮ್ಯಾಲ ಗುಂಡ ಹಾರ್ಸಿದ್ರ ಆಣಿ ಮುರದಂಗ ಆಕ್ಕೈತೇನ? ಮಗಳ ಜೋಡಿ ಹೋಗ್ತೀನಿ, ಅವರೆಲ್ಲಾ ಹೊಡಿ ಹೊಡಿ ಅಂತಾರ, ಒಂದ ಸಲ ಹೊಡದ ನೋಡಬೇಕಂತ ಭಾಳ ಆಸೆ ಐತಿ ಅಂದ."

ನನ್ನ ಕೈಯೊಳಗಿನ ಶೇಂಗಾ ಹಾಗೆಯೇ ಉಳಿಯಿತು. "ನೀವ ಏನಂದ್ರಿ ಅತ್ತಿ?"

"ಬ್ಯಾಡ ಅಂದೆ. ಮುದುಕ ಆಗೀದಿ, ಈಗ್ಯಾಕ ಇಂಥಾ ಆಟ ಅಂದೆ. ಹೂಂ ಅಂದ. ಮತ್ತ ಕೇಳಲಿಲ್ಲ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಾಗದಕ್ಕ ಎಲ್ಲೀ ಜೀವ? ನನಗ ಅವತ್ತ ಅದು ಹೊಳೀಲಿಲ್ಲ ನೋಡು. ಐವತ್ತ ವರ್ಷದಾಗ ಅಂವ ನನ್ನ ಕೇಳಿದ್ದ ಅದೊಂದ ಮಾತ."

ಆಮೇಲೆ ಅವ್ವನ ಕಡೆ ತಿರುಗಿ, "ಸಹಿ ಹಾಕು. ನನ್ನಂಗ ಮಾಡಬ್ಯಾಡ," ಎಂದಳು.

ಎಂಟು ದಿನವೆಂದು ಹೋದವರು ಮರುದಿನವೇ ತಿರುಗಿ ಬಂದೆವು. ಬಸ್ ಸ್ಟ್ಯಾಂಡಿನಿಂದ ಅವ್ವ ಮನೆಗೆ ಬರದೆ ನೇರ ಠಾಣೆಗೆ ನಡೆದಳು. ಸಹಿ ಹಾಕಿ ಹೊರಗೆ ಬಂದ ಮೇಲೆ ಹೇಳಿದ್ದು ಇಷ್ಟೇ: "ದೇವರ ಕೋಣ್ಯಾಗ ಇಡಬ್ಯಾಡ. ಯಾವ ಜೀವಕ್ಕೂ ಹಿಡೀಬ್ಯಾಡ." ನಾನು ಒಪ್ಪಿದೆ.

ಲೈಸೆನ್ಸು ಬಂದದ್ದು ಬೇಸಿಗೆಯಲ್ಲಿ. ಕೊಲ್ಹಾಪುರದ ಅಂಗಡಿಗೆ ಅವ್ವನೂ ಬಂದಳು; ಬರಲೇ ಎಂದು ಕೇಳಲೂ ಇಲ್ಲ, ಸೀರೆ ಬದಲಿಸಿಕೊಂಡು ಚಪ್ಪಲಿ ಮೆಟ್ಟಿ ನಿಂತಿದ್ದಳು. ಅಂಗಡಿಯ ಮಾಲೀಕರು ವಯಸ್ಸಾದವರು, ಸಾವಕಾಶದ ಮನುಷ್ಯ. ಹಸಿರು ಬಟ್ಟೆ ಹಾಸಿ ಅದರ ಮೇಲೆ ಎರಡು ರಿವಾಲ್ವರ್ ಇಟ್ಟರು. ಒಂದು ಬೆಳ್ಳಿಯಂತೆ ಥಳಥಳಿಸುತ್ತಿತ್ತು. ಇನ್ನೊಂದು ಮಾಸಿದ ಕಪ್ಪು, ಮರದ ಹಿಡಿ, ನಳಿಗೆ ಸ್ವಲ್ಪ ಉದ್ದ.

"ಅವರ ಇದ್ದಿದ್ರ ಇದನ್ನ ತಗೋತಿದ್ರು," ಎಂದು ಅವ್ವ ಹೊಳೆಯುವುದನ್ನು ತೋರಿಸಿದಳು. ನಿಜ. ಅಪ್ಪನಿಗೆ ಹೊಳೆಯುವುದೆಂದರೆ ಜೀವ. ಗಡಿಯಾರ, ಸೈಕಲ್ಲಿನ ಗಂಟೆ, ಅವ್ವನಿಗೆ ಜರಿಯ ಅಂಚು. ನಾನೂ ಮನಸ್ಸಿನಲ್ಲಿ ಅದನ್ನೇ ಆರಿಸಿಯಾಗಿತ್ತು.

ಮಾಲೀಕರು ಅದು ಖಾಲಿ ಇದೆಯೆಂದು ಬಿಚ್ಚಿ ತೋರಿಸಿ ನನ್ನ ಕೈಗೆ ಕೊಟ್ಟರು. ಎದುರಿನ ಗೋಡೆಯ ಮೇಲೆ ಗುರಿಗೆಂದೇ ಒಂದು ಕಪ್ಪು ಚುಕ್ಕೆ ಇತ್ತು. ಗುರಿ ಹಿಡಿದೆ. ಬಾಗಿಲಿನ ಬಿಸಿಲು ನಳಿಗೆಯ ಮೇಲೆ ಬಿದ್ದು, ತುದಿಯ ಗುರಿಮೊಳೆ ಕಾಣಿಸದೇ ಹೋಯಿತು. ಸರಿದು ನಿಂತು ಹಿಡಿದೆ. ಹಿಡಿಯೂ ದಪ್ಪವಾಗಿ, ಬೆರಳು ಗುಂಡು ಹಾರಿಸುವ ಕುದುರೆಯ ತನಕ ಸಲೀಸಾಗಿ ಹೋಗಲಿಲ್ಲ. ಕಪ್ಪನೆಯದನ್ನು ಎತ್ತಿಕೊಂಡಾಗ ಮಣಿಕಟ್ಟು ತಾನಾಗಿ ನೆಟ್ಟಗಾಯಿತು. ಚುಕ್ಕೆ ಗುರಿಮೊಳೆಯ ತುದಿಯಲ್ಲೇ ನಿಂತಿತು.

ಮತ್ತೆ ಹೊಳೆಯುವುದನ್ನು ಹಿಡಿದೆ. ಮತ್ತೆ ಕಪ್ಪಿನದು. ಅಂಗಡಿಯವರು ಅವಸರ ಮಾಡಲಿಲ್ಲ. ಅಪ್ಪನ ನೆನಪಿಗೆಂದು ಬಂದು, ಅಪ್ಪನಿಗೆ ಇಷ್ಟವಾಗುತ್ತಿದ್ದುದನ್ನೇ ಪಕ್ಕಕ್ಕೆ ಸರಿಸುವುದು ನನ್ನಿಂದ ಆಗಲಿಲ್ಲ. ಅತ್ತೆ ಒಮ್ಮೆ ಬೇಡ ಎಂದಿದ್ದಳು, ಈಗ ನಾನೂ ಬೇಡ ಎನ್ನಬೇಕಾಗಿತ್ತು. ಕಣ್ಣು ತುಂಬಿ ಚುಕ್ಕೆ ಎರಡಾಗಿ ಕಂಡಿತು.

"ಕೈಗೆ ಯಾವುದ ಕೂಡತೈತಿ?" ಎಂದು ಅವ್ವ ಕೇಳಿದಳು.

"ಕರೇದು."

"ಹಂಗಾರ ಅದನ್ನ ತಗೊ. ಅವರ ವಹ್ಯಾಗ ಚುಕ್ಕಿ ಇಡ್ತಿದ್ದದ್ದು ನಿನ್ನ ಗುರಿಗೆ, ರಿವಾಲ್ವರ್ ಚೆಂದಕ್ಕಲ್ಲ." ಮಾಲೀಕರು ಎದ್ದು ಒಳಗೆ ಹೋಗಿ ಎರಡು ಲೋಟ ನೀರು ತಂದಿಟ್ಟರು.

ವರ್ಷದ ಪುಣ್ಯತಿಥಿಗೆ ಅತ್ತೆ ಬಂದಿದ್ದಳು. ಬಂದವರೆಲ್ಲ ಉಂಡು ಹೋದ ಮೇಲೆ, ಮಧ್ಯಾಹ್ನ, ನನ್ನ ಹತ್ತಿರ ಬಂದು ಮೆಲ್ಲಗೆ, "ಅದನ್ನ ಒಂದಿಷ್ಟ ತೋರಸ್ತೀ?" ಎಂದಳು. ಕಪಾಟಿನ ಬೀಗ ತೆಗೆದು, ರಿವಾಲ್ವರ್ ಖಾಲಿ ಇದೆಯೆಂದು ಎರಡೆರಡು ಸಲ ನೋಡಿ, ಅವಳ ಅಂಗೈ ಮೇಲೆ ಇಟ್ಟೆ. ಭಾರಕ್ಕೆ ಅವಳ ಕೈ ಕೆಳಗೆ ಇಳಿಯಿತು. ಇನ್ನೊಂದು ಕೈಯನ್ನೂ ಆಸರೆ ಕೊಟ್ಟು ಹಿಡಿದಳು. ಬೆರಳಿನಿಂದ ಮರದ ಹಿಡಿಯನ್ನು ಒಮ್ಮೆ ಸವರಿದಳು.

"ಅವನ ಕೈಯಾಗ ಚೆಂದ ಕೂಡ್ತಿತ್ತು," ಎಂದಳು. ನಾನು ಹೌದೆಂದೆ. ಅವಳು ಅದನ್ನು ನನಗೆ ಕೊಟ್ಟು ಒಳಗೆ ಹೋಗಿ ಅವ್ವನ ಪಕ್ಕದಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಿದ್ದೆ ಮಾಡಲಿಲ್ಲವೆಂದು ಅವಳ ಬೆನ್ನು ನೋಡಿದರೆ ತಿಳಿಯುತ್ತಿತ್ತು.

ಮುಂದಿನ ಭಾನುವಾರ ನಾನು ಕೊಲ್ಹಾಪುರಕ್ಕೆ ಹೋದೆ. ಆ ದಿನ ನನ್ನ ಗುರಿ ಚೆನ್ನಾಗಿರಲಿಲ್ಲ. ಆದರೂ ಅಪ್ಪ ಹೊಡೆಯದೆ ಹೋದ ಪಾಲೂ ಇದರಲ್ಲಿದೆ ಎಂದುಕೊಂಡು, ತಂದಿದ್ದ ಗುಂಡುಗಳನ್ನೆಲ್ಲ ಮುಗಿಸಿಯೇ ಬಸ್ಸು ಹತ್ತಿದೆ.