ಹುಟ್ಟಿನ ಹಿಡಿ ಮತ್ತು ನನ್ನ ಬೆನ್ನು

ಯಾರಾದರೂ ‘ಟೀಂ ಸ್ಪಿರಿಟ್’ ಅಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆ ಮಾತು ಆಡುವವರು ಸಾಮಾನ್ಯವಾಗಿ ದಡದ ಮೇಲೆ ನಿಂತವರು. ನಾನು ದೋಣಿಯಲ್ಲಿ ಕೂತವನು.

ಎಪ್ಪತ್ತರ ದಶಕದ ಕೊನೆಯ ಮಾತು. ಜಯನಗರದ ನಮ್ಮ ಕಾಲೇಜಿಗೆ ದೋಣಿ ಸ್ಪರ್ಧೆಯ ತಂಡವಿತ್ತು ಅಂದರೆ ಈಗ ಯಾರೂ ನಂಬುವುದಿಲ್ಲ. ಸುತ್ತ ಎಲ್ಲಿ ನೋಡಿದರೂ ಸೈಟು, ಜಲ್ಲಿ, ಅರ್ಧ ಎದ್ದ ಗೋಡೆ. ನಲ್ಲಿಯಲ್ಲೇ ನೀರು ಸರಿಯಾಗಿ ಬರುತ್ತಿರಲಿಲ್ಲ. ಭಾನುವಾರ ಮಾತ್ರ ಬಸ್ಸು ಹತ್ತಿ ಹಲಸೂರು ಕೆರೆಗೆ ಹೋಗುತ್ತಿದ್ದೆವು. ಉಳಿದ ದಿನ ಕಾಲೇಜಿನ ಹಿಂದಿನ ಮೈದಾನದಲ್ಲಿ ಹಳೆಯ ಬೆಂಚುಗಳನ್ನು ಒಂದರ ಹಿಂದೊಂದು ಹಾಕಿಕೊಂಡು, ಬಿದಿರಿನ ಗಳ ಹಿಡಿದು, ಒಣ ನೆಲದ ಮೇಲೆ ಹುಟ್ಟು ಹಾಕುತ್ತಿದ್ದೆವು. ಹಾಲು ತರಲು ಹೊರಟ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಗಲಿ ಬಿಡಿ.

ಐದು ಜನ ಹುಟ್ಟು ಹಾಕುವವರು, ಎದುರಿಗೆ ಚುಕ್ಕಾಣಿ ಹಿಡಿಯುವವನೊಬ್ಬ. ದೋಣಿ ಹೋಗುವ ಕಡೆಗೆ ನಮ್ಮೆಲ್ಲರ ಬೆನ್ನು. ಪ್ರತಿಯೊಬ್ಬನಿಗೂ ಕಾಣುವುದು ತನ್ನ ಮುಂದೆ ಕೂತವನ ಬೆನ್ನು ಮಾತ್ರ, ಎಲ್ಲರಿಗಿಂತ ಮೊದಲಿನ ಬೆನ್ನು ನನ್ನದು. ನಾನು ಬಾಗಿದಾಗ ಎಲ್ಲರೂ ಬಾಗಬೇಕು, ಎಳೆದಾಗ ಎಳೆಯಬೇಕು. ಯಾರಾದರೂ ಅವಸರಪಟ್ಟು ಮೊದಲೇ ಬಾಗಿದರೆ ಅವನ ಹುಟ್ಟಿನ ಹಿಡಿ ಮುಂದಿನವನ ಬೆನ್ನಿಗೆ ಗುದ್ದುತ್ತದೆ.

ನನ್ನ ಹಿಂದೆ ಕೂರುತ್ತಿದ್ದವನು ಚಿಕ್ಕಲಸಂದ್ರದ ಗೆಳೆಯ. ಆಗ ಅದು ಹಳ್ಳಿಯೇ. ಒಂದೇ ಒರಳಿಗೆ ತಾನೊಂದು ಒನಕೆ, ಅಮ್ಮನೊಂದು ಒನಕೆ ಹಾಕಿ ಕುಟ್ಟಿ ಬೆಳೆದವನು. ಅಲ್ಲಿ ಲಯ ತಪ್ಪಿದರೆ ಒನಕೆಗೆ ಒನಕೆ ಬಡಿದು ಬೈಗುಳ ಬೀಳುತ್ತದೆ. ಕಡ್ಡಿಯಂಥ ಆಳು. ಅವನ ಹುಟ್ಟು ನೀರಿಗಿಳಿದದ್ದೂ ಗೊತ್ತಾಗುತ್ತಿರಲಿಲ್ಲ, ಮೇಲೆದ್ದದ್ದೂ ಗೊತ್ತಾಗುತ್ತಿರಲಿಲ್ಲ. ಆದರೆ ದೋಣಿ ಜಾರಿಕೊಂಡು ಮುಂದೆ ಹೋಗುವುದು ನನ್ನ ಸೊಂಟಕ್ಕೆ ಗೊತ್ತಾಗುತ್ತಿತ್ತು. ಅಷ್ಟು ತಿಂಗಳಲ್ಲಿ ಒಂದು ಸಲವೂ ಅವನ ಹಿಡಿ ನನ್ನ ಬೆನ್ನಿಗೆ ತಾಗಲಿಲ್ಲ.

ಆ ವರ್ಷ ನಮಗೆ ತರಬೇತಿ ಕೊಡುತ್ತಿದ್ದ ಮೇಷ್ಟ್ರು ಒಂದು ಆಸೆ ತೋರಿಸಿದರು. ಸ್ಪರ್ಧೆ ಮುಗಿದ ಮೇಲೆ, ಎಲ್ಲರಿಗಿಂತ ಹೆಚ್ಚು ಶ್ರಮ ಹಾಕಿದ ಒಬ್ಬನನ್ನು ಕಾರವಾರದ ಸಮುದ್ರ ಶಿಬಿರಕ್ಕೆ ಕಳಿಸುತ್ತಾರಂತೆ. ಒಬ್ಬನನ್ನು! ಐದು ಜನ ಒಂದಾಗಿ ಎಳೆಯಬೇಕಾದ ದೋಣಿಯಲ್ಲಿ ಒಬ್ಬನಿಗೆ ಬಹುಮಾನ ಇಡುವ ತಲೆಗೆ ಏನನ್ನಬೇಕು? ಗೆಳೆಯ ಸಮುದ್ರವನ್ನೇ ನೋಡಿರಲಿಲ್ಲ. ಬಸ್ಸಿನಲ್ಲಿ ಬರುವಾಗೆಲ್ಲ ಅದರದ್ದೇ ಮಾತು: ನೀರು ಅಷ್ಟೊಂದು ಉಪ್ಪಿರುತ್ತದಾ, ಆಚೆ ದಡ ಕಾಣುವುದೇ ಇಲ್ಲವಾ. ತನಗೇ ಸಿಗಬಹುದು ಎಂದು ನಂಬಿದ್ದ. ನಾನೂ ನಂಬಿದ್ದೆ.

ತಂಡದಲ್ಲಿ ಹೆಚ್ಚುವರಿ ಆಳೊಬ್ಬನಿದ್ದ, ಗಿರಿನಗರದಿಂದ ಬರುತ್ತಿದ್ದ. ಗರಡಿ ಮೈ. ಹುಟ್ಟು ಕೈಗೆ ಸಿಕ್ಕಾಗಲೆಲ್ಲ ಮೇಷ್ಟ್ರು ದಡದಲ್ಲಿ ಎಲ್ಲಿ ನಿಂತಿದ್ದಾರೆ ಅಂತ ನೋಡಿಕೊಂಡೇ ಎಳೆಯುತ್ತಿದ್ದ. ನೀರು ಆಳೆತ್ತರ ಹಾರುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಅವನು ಮುಲುಕುವುದು ದಡದವರೆಗೂ ಕೇಳುತ್ತಿತ್ತು. ಮೇಷ್ಟ್ರ ಲೆಕ್ಕದಲ್ಲಿ ಶ್ರಮ ಅಂದರೆ ಅದು. ಸ್ಪರ್ಧೆಗೆ ಒಂದು ವಾರ ಇರುವಾಗ ಗೆಳೆಯನನ್ನು ಇಳಿಸಿ ಅವನನ್ನು ನನ್ನ ಹಿಂದೆ ಕೂರಿಸಿದರು. ಯಾಕೆ ಅಂದರೆ, ಇವನು ಬೆವರುವುದೇ ಇಲ್ಲ, ಕೂತು ಮಜಾ ಮಾಡುತ್ತಾನೆ ಅಂದರು. ಗೆಳೆಯ ತಲೆ ತಗ್ಗಿಸಿಕೊಂಡು ಇಳಿದ. ನನಗೆ ತಡೆಯಲಾಗಲಿಲ್ಲ.

“ಸಾರ್, ಅವನು ಕರೆಕ್ಟಾಗಿ ಎಳೀತಾನೆ. ಅವನಿದ್ರೇನೇ ಬೋಟ್ ಓಡೋದು.”

“ಅವನು ಕೂರೋದು ನಿನ್ನ ಹಿಂದೆ. ನಿನಗೇನು ಬೆನ್ನಲ್ಲಿ ಕಣ್ಣಿದ್ಯೇನೋ?”

ಎಲ್ಲರೂ ನಕ್ಕರು. ಗಿರಿನಗರದವನು ಎಲ್ಲರಿಗಿಂತ ಜೋರಾಗಿ ನಕ್ಕ.

ಸ್ಪರ್ಧೆಯ ದಿನ ಸ್ವಲ್ಪ ದೂರ ಹೋಗುವಷ್ಟರಲ್ಲೇ ಗುದ್ದು ಬಿತ್ತು. ನಾನಿನ್ನೂ ಎಳೆಯುತ್ತಿರುವಾಗಲೇ ಅವನು ಬಾಗಿ ಬಂದುಬಿಟ್ಟಿದ್ದ. ನಿಧಾನ ಮಾಡೋ ಅಂದೆ. ಕೇಳಿದರೆ ತಾನೇ? ದಡದಿಂದ ಮೇಷ್ಟ್ರು ಶಾಬಾಷ್ ಶಾಬಾಷ್ ಅನ್ನುತ್ತಿದ್ದರು, ಅದು ಯಾರಿಗೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮತ್ತೆ ಗುದ್ದು. ಮತ್ತೆ. ಅವನ ಬೆನ್ನು ನೋಡಿಕೊಂಡು ಹಿಂದಿನವರೂ ಅವಸರಕ್ಕೆ ಬಿದ್ದರು, ಹುಟ್ಟಿಗೆ ಹುಟ್ಟು ಬಡಿಯಿತು. ಚುಕ್ಕಾಣಿಯವನು ಗಂಟಲು ಹರಿದುಹೋಗುವ ಹಾಗೆ ‘ಐಸಾ’ ಕೂಗಿದ, ಒಬ್ಬರೂ ಅದಕ್ಕೆ ಸೇರಲಿಲ್ಲ. ಕಟ್ಟಕಡೆಯವರಾಗಿ ದಡ ಮುಟ್ಟಿದೆವು.

ಮೇಷ್ಟ್ರು ಬಂದವರೇ ನನ್ನನ್ನು ಹಿಡಿದುಕೊಂಡರು. ಲಯ ಹಿಡಿಯಬೇಕಾದವನು ನಾನಲ್ಲವೇ, ಸೋಮಾರಿತನ ಮಾಡಿ ಆ ಹುಡುಗನ ಶ್ರಮವೆಲ್ಲ ಹಾಳು ಮಾಡಿದೆನಂತೆ. ಗೆಳೆಯ ನಮ್ಮೆಲ್ಲರ ಬಟ್ಟೆ ಚೀಲಗಳನ್ನು ಹೊತ್ತುಕೊಂಡು ಅಲ್ಲೇ ನಿಂತಿದ್ದ. ಅವನ ಮುಖ ನೋಡಿ ನನಗೆ ಪಿತ್ತ ನೆತ್ತಿಗೇರಿತು. ಒದ್ದೆ ಬನಿಯನ್ ಕತ್ತಿನವರೆಗೆ ಎತ್ತಿ ಮೇಷ್ಟ್ರಿಗೆ ಬೆನ್ನು ಮಾಡಿ ನಿಂತೆ. ವಾರವೆಲ್ಲ ಅಭ್ಯಾಸದಲ್ಲಿ ಅವನಿಂದ ಬಿದ್ದ ಗುದ್ದಿಗೆ ಅದು ನೇರಳೆ ಬಣ್ಣಕ್ಕೆ ಬಾತುಕೊಂಡಿತ್ತು, ಅವತ್ತಿನ ಗುದ್ದಿಗೆ ಚರ್ಮವೂ ಸುಲಿದಿತ್ತು.

“ಬೆನ್ನಲ್ಲಿ ಕಣ್ಣಿಲ್ಲ ಸಾರ್. ಏನಿದೆ ಅಂತ ನೀವೇ ನೋಡಿ.”

ಮೇಷ್ಟ್ರು ಬಗ್ಗಿ ನೋಡಿದರು. ಬೆರಳಿನಿಂದ ಒತ್ತಿಯೂ ನೋಡಿದರು. ಆಮೇಲೆ ಗಿರಿನಗರದವನ ಹೆಗಲ ಮೇಲೆ ಕೈ ಹಾಕಿ, ಉಳಿದವರನ್ನು ಹತ್ತಿರ ಕರೆದು ನನ್ನ ಬೆನ್ನು ತೋರಿಸಿದರು.

“ನೋಡ್ರೋ, ಎಳೆಯೋದು ಅಂದ್ರೆ ಹೀಗೆ ಎಳೀಬೇಕು.”

ಕಾರವಾರಕ್ಕೆ ಅವನೇ ಹೋದ. ವಾಪಸು ಬಂದಾಗ ಸಮುದ್ರ ಹೇಗಿತ್ತು ಅಂತ ಆಸೆಯಿಂದ ಕೇಳಿದವನು ನನ್ನ ಗೆಳೆಯನೊಬ್ಬನೇ. ಬರೀ ನೀರು ಮಗಾ, ಅಂದನಂತೆ.