ಗುರುತು ಹೇಳಿ ಒಯ್ಯಿರಿ
ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನು ಕಾಯುವ ಗುಮಾಸ್ತರಿಗೆ ಬೇರೆ ಕಡೆಯಿಂದ ದುಪ್ಪಟ್ಟು ಸಂಬಳದ ಕರೆ ಬಂದಿದೆ. ಅಂದಿನಿಂದ ಅವರು ಮೀನಮೇಷ ಎಣಿಸುತ್ತಲೇ ಇದ್ದಾರೆ. ಕೊಡೆ ಕೇಳಲು ಬಂದವರಿಗೂ ‘ಗುರುತು ಹೇಳಿ’ ಎಂದ ಮೇಲೆ ‘ನಾನು ಹೋಗ್ಲಾ, ಬೇಡ್ವಾ?’ ಎನ್ನುತ್ತಾರೆ. ‘ಹೋಗಿ’ ಎಂದವರಿಗೆ ಕೊಡೆ ತಡವಾಗಿ ಸಿಗುತ್ತದೆ. ಇಲ್ಲಿ ಸುಖಕ್ಕೇನು ಕಮ್ಮಿ? ಯಾರೋ ಮರೆತ ದಿಂಬು, ಯಾರೋ ಬಿಟ್ಟ ಫ್ಲಾಸ್ಕಿನಲ್ಲಿ ಚಹಾ, ಊಟವಾದ ಮೇಲೆ ಕೋಳಿನಿದ್ದೆ. ‘ನಾನೂ ಇದೇ ಕಪಾಟಿನ ಸಾಮಾನು, ಧೂಳು ಕೊಡವಿದ್ರೆ ಸೀನ್ತೀನಿ, ಅಷ್ಟೇ ವ್ಯತ್ಯಾಸ’ ಎಂದು ತಾವೇ ನಗುತ್ತಾರೆ. ನಿನ್ನೆ ಊಟಕ್ಕೆ ಕೂತಾಗ ಹೆಂಡತಿ ರೇಗಿದರು: ‘ನಿಮ್ಮನ್ನ ಕೇಳ್ಕೊಂಡು ಬಂದಿದಾರಲ್ಲ, ಹೋಗೋಕೇನು ರೋಗ?’ ಗುಮಾಸ್ತರು ತಟ್ಟೆಯಿಂದ ತಲೆಯೆತ್ತಲಿಲ್ಲ. ‘ಇಷ್ಟು ವರ್ಷದಲ್ಲಿ ನನ್ನ ಕೇಳ್ಕೊಂಡು ಬಂದಿರೋದು ಇದೇ ಮೊದಲು ಕಣೆ. ಗುರುತು ಕೇಳಿದಾಗ ಅವ್ರು ಬೇರೆ ಯಾರದೋ ಗುರುತು ಹೇಳಿಬಿಟ್ರೆ?’